ಡಾಕ್ಟರ್, ಡಾಕ್ಟ್ರು, ಡಾಕುಟ್ರು

ದಾವಣಗೆರೆಯ ಯಾವುದೇ ಆಸ್ಪತ್ರೆಯ ಒಪಿಡಿ ಮುಂದೆ ಅರ್ಧ ಗಂಟೆ ಕೂತರೆ ಸಾಕು, ‘ಡಾಕ್ಟರ್’ ಎಂಬ ಒಂದೇ ಪದ ಯಾರ ಬಾಯಲ್ಲಿ ಹೇಗೆ ಬರುತ್ತದೆ ಅನ್ನುವುದು ಕಿವಿಗೆ ಬೀಳುತ್ತದೆ. ಡಾಕ್ಟರ್, ಡಾಕ್ಟ್ರು, ಡಾಕುಟ್ರು, ಡಾಕ್ಟರ್ ಸಾಹೇಬ್ರು, ಡಾಕ್ಟ್ರಮ್ಮ. ಇದರಲ್ಲಿ ಮೊದಲನೆಯದೊಂದೇ ಸರಿ, ಉಳಿದದ್ದೆಲ್ಲ ಹಳ್ಳಿಯವರ ತಪ್ಪು ಉಚ್ಚಾರ ಎಂದು ಓದಿದವರಲ್ಲಿ ಬಹಳ ಜನ ನಂಬಿದ್ದಾರೆ. ನಾನು ಈ ಊರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವವಳು, ದಿನವಿಡೀ ಉಚ್ಚಾರದ ಜೊತೆಗೇ ನನ್ನ ಕೆಲಸ. ಹಾಗಾಗಿ ಈ ನಂಬಿಕೆಯ ಬಗ್ಗೆ ನನಗೆ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಆ ಒಂದೊಂದು ರೂಪಕ್ಕೂ ಅದರದೇ ನಿಯಮ ಇದೆ. ಆ ನಿಯಮ ಕಿವಿಗೆ ಹತ್ತದ ನರ್ಸಿಗೆ ರೋಗಿಯ ಮಾತು ಅರ್ಧಂಬರ್ಧವೇ ಸಿಗುತ್ತದೆ.

ಮೊದಲು ಊರಿನ ವಿಷಯ. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾದ ಮೇಲೆ ಹತ್ತಿಮಿಲ್ಲಿನ ಊರು ನಿಧಾನಕ್ಕೆ ವೈದ್ಯರ ಊರೂ ಆಯಿತು. ಬೆಳಗಿನ ಬಸ್ಸಿಗೆ ಫೈಲು, ಎಕ್ಸ್‌ರೇ ಕವರು ಹಿಡಿದು ಇಳಿಯುವವರು ಯಾವ್ಯಾವ ದಿಕ್ಕಿನವರು ನೋಡಿ. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯವರು ಹಳೇ ಮೈಸೂರು ರಾಜ್ಯದ ಮಂದಿ. ಹರಿಹರದ ಹತ್ತಿರ ತುಂಗಭದ್ರೆ ದಾಟಿದರೆ ಸಿಗುವ ರಾಣೆಬೆನ್ನೂರು 1956ರವರೆಗೆ ಮುಂಬೈ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯ ಜೊತೆಗೆ 1953ರವರೆಗೆ ಮದರಾಸಿನ ಕೈಕೆಳಗಿತ್ತು. ಮೂರು ಆಡಳಿತದಡಿ ಬೆಳೆದ ಕನ್ನಡ ಇಲ್ಲಿ ಒಂದೇ ಬೆಂಚಿನ ಮೇಲೆ ಕೂತು ತನ್ನ ಸರದಿಗೆ ಕಾಯುತ್ತದೆ. ‘ಮಾಸ್ಟರ್’ ಹೊಳೆಯ ಈಚೆ ಮೇಷ್ಟ್ರು, ಆಚೆ ಮಾಸ್ತರು. ‘ಸರ್’ ಈಚೆಯವರಿಗೆ ಸಾರ್, ಆಚೆಯವರಿಗೆ ಸರ. ದಾವಣಗೆರೆಯ ಅಂಗಡಿಯವರು, ಆಟೋದವರು ಎದುರಿಗಿರುವವರ ಮಾತಿನ ಧಾಟಿ ನೋಡಿ ಎರಡನ್ನೂ ಬಳಸುತ್ತಾರೆ. ಬಳಸುತ್ತಿದ್ದೇವೆ ಅನ್ನುವುದು ಅವರ ಗಮನಕ್ಕೂ ಬಂದಿರುವುದಿಲ್ಲ.

ಹರಪನಹಳ್ಳಿ ಕಡೆಯ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತ ಹೆಂಗಸಿಗೆ ಹೇಳಿದ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ. “ನಮ್ ಮೊಮ್ಮಗಳು ಡಾಕ್ಟರ್ ಓದಾಕತ್ಯಾಳವ್ವ. ಅಕಿನೇ ಅಂದ್ಲು, ಚಲೋ ಡಾಕ್ಟ್ರಿಗೆ ತೋರ್ಸ್ಕೋ ಅಂತ. ಡಾಕ್ಟ್ರು ಇನ್ನೂ ಬಂದಿಲ್ಲೇನು?”

ಒಂದೇ ಉಸಿರಿನಲ್ಲಿ ಎರಡು ಉಚ್ಚಾರ. ಓದಿನ ಹೆಸರು ಹೇಳುವಾಗ ಡಾಕ್ಟರ್, ಒಳಗಿನ ಕುರ್ಚಿಯಲ್ಲಿ ಕೂರುವ ವ್ಯಕ್ತಿಯ ಬಗ್ಗೆ ಹೇಳುವಾಗ ಡಾಕ್ಟ್ರು. ಇವರಿಗೆ ‘ಡಾಕ್ಟರ್’ ಅನ್ನಲು ಬರುವುದಿಲ್ಲ ಎಂದು ಹೇಳುವ ಹಾಗಿಲ್ಲ, ಈಗಷ್ಟೇ ಅಂದರು. ಆಮೇಲೆ ನಾನು ಬೇರೆಯವರ ಮಾತಿಗೂ ಕಿವಿಗೊಟ್ಟೆ, ಎಲ್ಲ ಕಡೆ ಇದೇ. “ಮಗನ್ನ ಡಾಕ್ಟರ್ ಮಾಡ್ಬೇಕು”, “ಡಾಕ್ಟ್ರ ಹತ್ರ ಹೋಗ್ಬೇಕು”. ಇದನ್ನು ತಿರುಗಿಸಿ “ಮಗನ್ನ ಡಾಕ್ಟ್ರು ಮಾಡ್ಬೇಕು” ಅಂದು ನೋಡಿ, ಕಿವಿಗೆ ಒಗ್ಗುವುದಿಲ್ಲ.

ಇದು ಹೇಗೆ ಆಗುತ್ತದೆ ಅಂದರೆ, ಕನ್ನಡದಲ್ಲಿ ವ್ಯಂಜನಕ್ಕೆ ಕೊನೆಯಾಗುವ ಪದಕ್ಕೆ ಆಡುಮಾತು ಒಂದು ಸ್ವರ ಸೇರಿಸುತ್ತದೆ. ‘ಡಾಕ್ಟರ್’ ಹಾಗೆ ‘ಡಾಕ್ಟರು’ ಆಯಿತು. ಇನ್ನು ನಡುವಿನ ಹ್ರಸ್ವ ಸ್ವರವನ್ನು ನುಂಗುವುದು ನಮ್ಮ ಹಳೇ ಅಭ್ಯಾಸ: ಹತ್ತಿರ ಹತ್ರ ಆಗುತ್ತದೆ, ಕುದುರೆ ಕುದ್ರೆ, ಬಂದರು ಬಂದ್ರು. ಡಾಕ್ಟರು ಡಾಕ್ಟ್ರು ಆಗಿದ್ದು ಅದೇ ದಾರಿಯಲ್ಲಿ. ಇಲ್ಲಿ ಇನ್ನೊಂದು ಚಂದದ ಸಂಗತಿ ಸೇರಿಕೊಂಡಿದೆ. ಕನ್ನಡದಲ್ಲಿ ಗೌರವದ ಬಹುವಚನಕ್ಕೆ ಹಚ್ಚುವುದೂ ‘ರು’ವನ್ನೇ. ತಂದೆಯವರು, ಗೌಡರು, ಸ್ವಾಮಿಗಳವರು. ಇಂಗ್ಲಿಷ್ ಪದದ ಸ್ವಂತ ರಕಾರ ಬಂದು ನಮ್ಮ ಗೌರವದ ‘ರು’ ಜೊತೆ ಹೊಂದಿಕೊಂಡುಬಿಟ್ಟಿತು. ಕಂಡಕ್ಟ್ರು, ಡ್ರೈವ್ರು, ಲಾಯ್ರು, ಮ್ಯಾನೇಜ್ರು, ಮೇಷ್ಟ್ರು, ಇವರೆಲ್ಲರಿಗೂ ಪದದ ಬಾಲದಲ್ಲೇ ಮರ್ಯಾದೆ ಸಿಕ್ಕಿದೆ. ರಕಾರ ಇಲ್ಲದ ಕ್ಲರ್ಕಿಗೆ, ಪ್ಯೂನಿಗೆ ಆ ಭಾಗ್ಯ ಇಲ್ಲ. ಅವರು ಕ್ಲರ್ಕು, ಪ್ಯೂನು. ಮರ್ಯಾದೆ ಕೊಡಬೇಕಾದರೆ ಬೇರೆ ‘ಸಾಹೇಬ್ರು’ ತಂದು ಹಚ್ಚಬೇಕು.

ಬಾಲ ಒಂದೇ ಥರ ಕೇಳಿಸಿದರೂ ಮಾತನಾಡುವವರಿಗೆ ಗೊಂದಲವಿಲ್ಲ. ಲೀಟ್ರು, ಮೀಟ್ರು ಕೂಡ ಹೀಗೇ ಮುಗಿಯುತ್ತವೆ. ಆದರೆ “ಮೀಟ್ರು ಓಡ್ತು”, “ಡಾಕ್ಟ್ರು ಬಂದ್ರು”. ಕ್ರಿಯಾಪದ ಯಾವುದು ವಸ್ತು, ಯಾರು ಮನುಷ್ಯರು ಎಂದು ಹೇಳಿಬಿಡುತ್ತದೆ. ಸಿಟ್ಟು ಬಂದಾಗ ಗಮನಿಸಿ. “ಎಂಥಾ ಡಾಕ್ಟರ್ ಅವ್ನು, ನಾಡಿ ಸುದ್ದಾ ನೋಡ್ಲಿಲ್ಲ” ಎಂದು ಹೇಳುವವರ ಬಾಯಲ್ಲಿ ಗೌರವದ ‘ರು’ ಉದುರಿ ಶುದ್ಧ ಇಂಗ್ಲಿಷ್ ರೂಪ ಬರುತ್ತದೆ. ನಾವು ಸುಧಾರಿತ ಎನ್ನುವ ಉಚ್ಚಾರ ಅಲ್ಲಿ ಮರ್ಯಾದೆ ಕಳೆಯುವ ಕೆಲಸ ಮಾಡುತ್ತಿದೆ. ಹೆಣ್ಣುಮಗಳಾದರೆ ಡಾಕ್ಟ್ರಮ್ಮ. ಹೆರಿಗೆ ವಾರ್ಡಿನಲ್ಲಿ ಈ ಪದಕ್ಕಿರುವ ಭಾರ ‘ಮೇಡಂ’ಗೆ ಇಲ್ಲ. ನೋವು ತಿನ್ನುತ್ತಿರುವ ಹುಡುಗಿಯ ತಾಯಿ “ಡಾಕ್ಟ್ರಮ್ಮನ್ನ ಕರೀರಿ” ಎಂದು ಕೂಗುವಾಗ ಅದರಲ್ಲಿ ಅರ್ಧ ಅಮ್ಮನನ್ನೇ ಕರೆದಿರುತ್ತಾಳೆ.

‘ಡಾಕುಟ್ರು’ ಕೇಳಿದರೆ ನಗುವವರು ಹೆಚ್ಚು. ಕ, ಟ, ರ ಮೂರೂ ಒಟ್ಟಿಗೆ ಬಂದಾಗ ನಡುವೆ ಒಂದು ಉಕಾರ ಇಟ್ಟು ಬಿಡಿಸಿಕೊಂಡ ರೂಪ ಅದು. ಭಕ್ತಿಯನ್ನು ಭಕುತಿ, ಮುಕ್ತಿಯನ್ನು ಮುಕುತಿ, ಲಕ್ಷ್ಮಿಯನ್ನು ಲಕುಮಿ ಎಂದು ದಾಸರ ಪದಗಳಲ್ಲಿ ಕೇಳಿ ತಲೆದೂಗುವ ನಾವು, ಅದೇ ಉಕಾರವನ್ನು ಜಗಳೂರಿನ ರೈತ ‘ಡಾಕ್ಟರ್’ ನಡುವೆ ಇಟ್ಟರೆ ಯಾಕೆ ನಗಬೇಕು? ಬಸ್ಸು, ಕಾರುಗಳದೂ ಹೀಗೆಯೇ. ಬಸ್ ಬಸ್ಸು ಆಗಿ ಸಕಾರ ಇಮ್ಮಡಿಸಿತು, ಕಾರ್ ಬರೀ ಕಾರು ಆಯಿತು. ಪೆನ್ನು, ಮಿಲ್ಲು, ಟಿಕೆಟ್ಟು ಒಂದು ಕಡೆ, ರೋಡು, ಗೇಟು, ಫೋನು ಇನ್ನೊಂದು ಕಡೆ. ಹಳಗನ್ನಡದ ಕಲ್ ಕಲ್ಲು ಆಗಿದ್ದು, ಕಣ್ ಕಣ್ಣು ಆಗಿದ್ದು, ಆದರೆ ಕಾಲ್ ಕಾಲು, ನೀರ್ ನೀರು ಆಗಿ ಉಳಿದದ್ದು ಇದೇ ಲೆಕ್ಕದಲ್ಲಿ. ಹಿಂದಿನ ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿ, ದೀರ್ಘವಾದರೆ ಒಂಟಿ. ಯಾವ ಶಾಲೆಯಲ್ಲೂ ಇದನ್ನು ಕಲಿಯದ ಹಮಾಲಿ ಅಣ್ಣಂದಿರು ಎಪಿಎಂಸಿ ಯಾರ್ಡಿನಲ್ಲಿ ನಿನ್ನೆ ಮೊನ್ನೆ ಬಂದ ಇಂಗ್ಲಿಷ್ ಪದಕ್ಕೂ ಈ ನಿಯಮವನ್ನು ತಪ್ಪಿಲ್ಲದೆ ಹಚ್ಚುತ್ತಾರೆ. ಇದು ನನಗೆ ಇಂದಿಗೂ ಅಚ್ಚರಿ.

ಇನ್ನು ಇಂಗ್ಲಿಷ್‌ನವರ ಮನೆಯೊಳಗೇ ಹೋಗಿ ನೋಡೋಣ. ‘ಡಾಕ್ಟರ್’ ಪದದ ಕೊನೆಯ ರಕಾರ ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ಇಲ್ಲವೇ ಇಲ್ಲ. ‘ಡಾಕ್ಟ’ ಎಂದು ಒಂದು ಮಂದ ಸ್ವರದಲ್ಲಿ ಮುಗಿಸುತ್ತಾರೆ. ಅದರ ಮುಂದೆ ಸ್ವರದಿಂದ ಶುರುವಾಗುವ ಪದ ಬಂತೆನ್ನಿ, ‘ಡಾಕ್ಟರ್ ಅಂಡ್ ಪೇಶೆಂಟ್’ ಅನ್ನುವಾಗ, ಇಲ್ಲದ ರಕಾರ ಎದ್ದು ಬರುತ್ತದೆ. ಅಷ್ಟೇ ಅಲ್ಲ, ಬರವಣಿಗೆಯಲ್ಲಿ ಎಂದೂ ಇಲ್ಲದ ಕಡೆಗೂ ತಂದು ಇಡುತ್ತಾರೆ. ‘ಲಾ ಅಂಡ್ ಆರ್ಡರ್’ ಅನ್ನುವುದು ಅವರಲ್ಲಿ ಅನೇಕರಿಗೆ ‘ಲಾರ್ ಅಂಡ್ ಆರ್ಡ’. ಸ್ಕಾಟ್ಲೆಂಡಿನವರು, ಐರ್ಲೆಂಡಿನವರು, ಅಮೆರಿಕದ ಬಹುಪಾಲು ಜನ ರಕಾರವನ್ನು ಎಲ್ಲ ಕಡೆ ಹೇಳುತ್ತಾರೆ. ಅಂದರೆ ನಮ್ಮ ಅಜ್ಜಿಯ ‘ಡಾಕ್ಟ್ರು’ವಿನಲ್ಲಿ ಸ್ಪಷ್ಟವಾಗಿರುವ ರಕಾರ ಬ್ರಿಟನ್ನಿನ ರಾಣಿಯ ಮಾತಿನಲ್ಲಿ ಇರಲಿಲ್ಲ.

ಈ ರಕಾರದ ಮೇಲೆಯೇ ನಡೆದ ಒಂದು ಅಧ್ಯಯನವನ್ನು ನಾನು ಪ್ರತಿ ಹೊಸ ತರಗತಿಗೂ ಹೇಳುತ್ತೇನೆ. 1962ರಲ್ಲಿ ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಒಂದು ದುಬಾರಿ, ಒಂದು ಮಧ್ಯಮ, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಅಲ್ಲಿನ ಕೆಲಸಗಾರರನ್ನು ಕೇಳುವುದು, ಅವರು ‘ಫೋರ್ತ್ ಫ್ಲೋರ್’ ಅಂದಾಗ ಎರಡು ರಕಾರ ಬಂತೋ ಇಲ್ಲವೋ ಗಮನಿಸುವುದು. ಆಮೇಲೆ ಕೇಳಿಸದವರ ಹಾಗೆ ಮುಂದೆ ಬಾಗಿ, ಇನ್ನೊಮ್ಮೆ ಹೇಳಿಸುವುದು. ಆ ಊರಿನಲ್ಲಿ ಆಗ ರಕಾರ ಹೇಳುವುದು ಮೇಲ್ದರ್ಜೆಯ ಲಕ್ಷಣ, ಇಂಗ್ಲೆಂಡಿಗೆ ಪೂರ್ತಿ ಉಲ್ಟಾ. ದುಬಾರಿ ಅಂಗಡಿಯವರು ಹೆಚ್ಚು ರಕಾರ ಹೇಳಿದರು, ಅಗ್ಗದ ಅಂಗಡಿಯವರು ಕಡಿಮೆ. ಒಟ್ಟಾರೆ ನೋಡಿದರೆ ಎರಡನೇ ಸಲ, ಎಚ್ಚರದಿಂದ ಉತ್ತರಿಸುವಾಗ, ರಕಾರ ಹೆಚ್ಚಾಯಿತು. ಒಬ್ಬರೇ ಮನುಷ್ಯರು, ಅದೇ ಎರಡು ಪದ, ಕೆಲವೇ ಕ್ಷಣಗಳ ಅಂತರ.

ಇದನ್ನು ಓದಿದ ಮೇಲೆ ನಮ್ಮ ಊರಿನ ಕೌಂಟರುಗಳೂ ನನಗೆ ಹಾಗೇ ಕೇಳಿಸತೊಡಗಿದವು. ಗಾಜಿನ ಕಿಂಡಿಯ ಮುಂದೆ ಪಂಚೆ ಉಟ್ಟ ಹಿರಿಯರೊಬ್ಬರು ಚೀಟಿ ಚಾಚಿ, “ಯಕ್ಸ್ರೆ ತೆಗಿಸ್ಬೇಕಿತ್ತವ್ವ” ಅನ್ನುತ್ತಾರೆ. ಒಳಗಿನ ಹುಡುಗಿ ತಲೆಯೆತ್ತದೆ “ಏನು?” ಅನ್ನುತ್ತಾಳೆ. ಹಿರಿಯರು ಚೀಟಿಯನ್ನು ನೇರ ಮಾಡಿ, ಗಂಟಲು ಸರಿಮಾಡಿಕೊಂಡು, “ಎಕ್ಸ್ ರೇ ಮೇಡಂ” ಅನ್ನುತ್ತಾರೆ. ಯಕಾರ ಹೋಯಿತು, ‘ರೆ’ ದೀರ್ಘವಾಯಿತು, ಅವ್ವ ಮೇಡಂ ಆದಳು. ಮೂರೂ ಒಟ್ಟಿಗೇ ಬದಲಾದವು. ಎಕಾರದಿಂದ ಶುರುವಾಗುವ ಪದದ ಮುಂದೆ ತೆಳುವಾಗಿ ಯಕಾರ ಬರುವುದು ಕನ್ನಡಿಗರೆಲ್ಲರ ಬಾಯಲ್ಲೂ ಉಂಟು. ‘ಎಲ್ಲಿ’ ಅನ್ನುವಾಗ ‘ಯೆಲ್ಲಿ’ ಅನ್ನದವರು ಕಡಿಮೆ. ಒಕಾರದ ಮುಂದೆ ಹೀಗೇ ವಕಾರ ಬರುತ್ತದೆ, ‘ವೊಂದು’, ‘ವೋಪಿಡಿ’. ಸ್ವಂತ ಪದದಲ್ಲಿ ಯಾರೂ ಎಣಿಸದ ಈ ಧ್ವನಿ ಇಂಗ್ಲಿಷ್ ಪದದಲ್ಲಿ ಬಂದ ಕೂಡಲೇ ಮಾತ್ರ ದೊಡ್ಡದಾಗಿ ಕೇಳಿಸುತ್ತದೆ.

ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೆಸರು ಬೇಡ, ಇಂಥದೇ ಸಂದರ್ಭದಲ್ಲಿ ಕೌಂಟರಿನ ಹುಡುಗ ಹಿಂದಿನವನಿಗೆ ಕೇಳುವ ಹಾಗೆ “ಇಸ್ಕ್ಯಾನಿಂಗ್ ಅಂತೆ” ಎಂದು ರಾಗ ಎಳೆದ. ಇಬ್ಬರೂ ನಕ್ಕರು. ಕೇಳಿದ್ದ ಹೆಂಗಸು ಸೆರಗು ಬಾಯಿಗೆ ಹಿಡಿದು ದುಡ್ಡು ಕಟ್ಟಿ ಪಕ್ಕಕ್ಕೆ ಬಂದಳು. ಹೊಟ್ಟೆಯ ಸ್ಕ್ಯಾನಿಂಗ್ ಅದು. ಖಾಲಿ ಹೊಟ್ಟೆಯಲ್ಲಿರಬೇಕೋ, ನೀರು ಕುಡಿದು ಬರಬೇಕೋ, ಅವಳು ಕೇಳಲಿಲ್ಲ. ನಾನು ಹಿಂದೆಯೇ ಹೋಗಿ ಕೇಳಿದಾಗ, “ಬ್ಯಾಡ ಬಿಡ್ರಿ, ಮತ್ ನಗ್ತಾರೆ” ಅಂದಳು. ಉಚ್ಚಾರದ ನಗು ಅಲ್ಲಿಗೇ ಮುಗಿಯುವುದಿಲ್ಲ, ಅದು ರೋಗಿಯ ಮುಂದಿನ ಪ್ರಶ್ನೆಯನ್ನು ತಿಂದುಹಾಕುತ್ತದೆ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಬರಹ ಬರೆಯುವುದಕ್ಕೆ ಅದೂ ಒಂದು ಕಾರಣ.

‘ಸ್ಕ’ದಂಥ ಒತ್ತಕ್ಷರಕ್ಕೆ ಮುಂದೆ ಇಕಾರ ಇಡುವುದು ಒಂದು ದಾರಿ. ಸಕಾರವನ್ನೇ ಬಿಡುವುದು ಇನ್ನೊಂದು. ಸ್ಟೇಷನ್ ನಮ್ಮ ಕಡೆಯ ಹಿರಿಯರ ಬಾಯಲ್ಲಿ ‘ಟೇಸನ್’. ಇದನ್ನು ಕೇಳಿದಾಗಲೆಲ್ಲ ನನಗೆ ಕೇಶಿರಾಜ ನೆನಪಾಗುತ್ತಾನೆ. 13ನೇ ಶತಮಾನದಲ್ಲಿ ಅವನು ಬರೆದ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣ ಎಂಬ ಒಂದು ಭಾಗವೇ ಇದೆ. ಸಂಸ್ಕೃತದ ಪದ ಕನ್ನಡಕ್ಕೆ ಬಂದಾಗ ಯಾವ ಧ್ವನಿ ಏನಾಗುತ್ತದೆ ಎಂಬ ನಿಯಮಗಳು ಅಲ್ಲಿವೆ. ತದ್ಭವ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡುತ್ತೇವಲ್ಲ, ಅವೇ. ಸ್ಥಾನ ತಾಣ ಆಯಿತು, ಮೊದಲ ಸಕಾರ ಬಿತ್ತು. ಭಾಷೆ ಬಾಸೆ ಆಯಿತು, ಷಕಾರ ಸಕಾರವಾಯಿತು. ಈ ಎರಡನ್ನೂ ‘ಸ್ಟೇಷನ್’ಗೆ ಹಚ್ಚಿ ನೋಡಿ, ಟೇಸನ್ ತಾನಾಗಿ ಬರುತ್ತದೆ. ತಾಣ, ಬಾಸೆಗಳಿಗೆ ಪರೀಕ್ಷೆಯಲ್ಲಿ ಅಂಕ, ಟೇಸನ್‌ಗೆ ನಗು. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ.

‘ಶುಗರ್’ ಎಂಬ ಪದದ ಕಥೆ ಇನ್ನೂ ದೊಡ್ಡದು. ಈಗ ಇದು ಮನೆಮನೆಯ ಪದ. “ನಂಗೆ ಶುಗರ್ ಐತಿ” ಅಂದರೆ ಕಾಯಿಲೆ ಎಂದೇ ಅರ್ಥ. ಹಳ್ಳಿಯ ಹಿರಿಯರಲ್ಲಿ ಕೆಲವರು ‘ಸುಗರ್ರು’ ಅನ್ನುತ್ತಾರೆ, ಮಕ್ಕಳು ಅವರನ್ನು ತಿದ್ದುತ್ತಾರೆ. ಈ ಪದ ಹೊರಟದ್ದು ನಮ್ಮ ನೆಲದಿಂದಲೇ. ಸಂಸ್ಕೃತದ ಶರ್ಕರಾ ಪರ್ಷಿಯನ್ನಿನಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲೆಂಡ್ ಮುಟ್ಟಿತು. ಅಲ್ಲಿ ಇದನ್ನು ಎಸ್ ಅಕ್ಷರದಿಂದಲೇ ಬರೆದರು, ಸಕಾರದಿಂದಲೇ ಹೇಳಿದರು. ಆಮೇಲೆ ಸಕಾರದ ಬೆನ್ನಿಗೆ ‘ಯು’ ಧ್ವನಿ ಸೇರಿ, ಎರಡೂ ಕರಗಿ ಶಕಾರ ಆಯಿತು. ‘ಶ್ಯೂರ್’ ಪದದಲ್ಲೂ ಆಗಿದ್ದು ಅದೇ. ಅಕ್ಷರ ಮಾತ್ರ ಎಸ್ ಆಗಿಯೇ ಉಳಿಯಿತು. ಇತ್ತ ಶರ್ಕರಾ ಊರಲ್ಲೇ ಉಳಿದು ಪ್ರಾಕೃತದ ಮೂಲಕ ಕನ್ನಡಕ್ಕೆ ಸಕ್ಕರೆಯಾಗಿ ಬಂತು. ಹೀಗಾಗಿ ನಮ್ಮ ವಾರ್ಡಿನಲ್ಲಿ ‘ಸಕ್ಕರೆ ಕಾಯಿಲೆ’ ಸಕಾರದಲ್ಲಿ, ‘ಶುಗರ್’ ಶಕಾರದಲ್ಲಿ, ‘ಸುಗರ್ರು’ ಮತ್ತೆ ಸಕಾರದಲ್ಲಿ. ಶ, ಸ ಎರಡರ ನಡುವೆ ಸಾವಿರಾರು ಮೈಲಿ ಓಡಾಡಿದ ಪದವನ್ನು ಒಬ್ಬ ಅಜ್ಜ ಇನ್ನೊಂದು ಹೆಜ್ಜೆ ಸರಿಸಿದ್ದಾರೆ.

ಫಕಾರದ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಜಾತಿ, ಓದು ಎರಡೂ ಇಲ್ಲಿ ಎದ್ದು ಕಾಣುತ್ತವೆ. ಹಲ್ಲಿಗೆ ತುಟಿ ತಾಗಿಸಿ ಹೇಳುವ ಇಂಗ್ಲಿಷಿನ ಎಫ್ ಧ್ವನಿ ಕನ್ನಡದ್ದಲ್ಲ. ನಮ್ಮ ಫಕಾರ ಮೂಲದಲ್ಲಿ ಪಕಾರದ ಮಹಾಪ್ರಾಣ. ಕನ್ನಡದ ಆಡುಮಾತನ್ನು 1950ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ಬ್ರೈಟ್, ಹೊರಗಿನಿಂದ ಬಂದ ಇಂಥ ಧ್ವನಿಗಳನ್ನು ಬ್ರಾಹ್ಮಣರ ಮಾತು ಹೆಚ್ಚು ಉಳಿಸಿಕೊಳ್ಳುತ್ತದೆ, ಇತರರ ಮಾತು ಕನ್ನಡದ ಧ್ವನಿಗೆ ಒಗ್ಗಿಸಿಕೊಳ್ಳುತ್ತದೆ ಎಂದು ಗುರುತಿಸಿದರು. ಯಾರಿಗೆ ಶಾಲೆ ಮೊದಲು ಸಿಕ್ಕಿತು ಅನ್ನುವುದರ ಗುರುತು ಅದು. ಹಾಗಾಗಿ ‘ಕಾಪಿ’, ‘ಪೋನು’, ‘ಆಪೀಸು’ ಕೇಳಿ ನಗುವಾಗ ನಾವು ನಿಜವಾಗಿ ಯಾವುದಕ್ಕೆ ನಗುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಈಗ ಇದರ ತಿರುವೂ ನಡೆದಿದೆ. ಇಂಗ್ಲಿಷ್ ಓದಿದವರು ಕನ್ನಡದ ‘ಫಲಿತಾಂಶ’ವನ್ನೇ ಇಂಗ್ಲಿಷ್ ಎಫ್ ಹಾಕಿ ಹೇಳುತ್ತಾರೆ. ವೈದ್ಯರು “ಕಫ ಬರುತ್ತಾ?” ಎಂದು ಅದೇ ಎಫ್‌ನಲ್ಲಿ ಕೇಳುತ್ತಾರೆ, ಅಜ್ಜಿ “ಕಪ ಐತ್ರಿ” ಅನ್ನುತ್ತಾರೆ. ವ್ಯಾಕರಣದ ಪುಸ್ತಕಕ್ಕೆ ಅಜ್ಜಿಯ ಉಚ್ಚಾರವೇ ಹತ್ತಿರ.

ಇದರಿಂದ ವಾರ್ಡಿನಲ್ಲಿ ಆಗುವ ನಷ್ಟ ಚಿಕ್ಕದಲ್ಲ. ‘ಪಿಟ್ಸು’ ಅಂದರೆ ಫಿಟ್ಸ್, ಮೂರ್ಛೆ. ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿನಿಗೆ ಇದು ಹೊಳೆಯದಿದ್ದರೆ ಕೇಸ್ ಶೀಟಿನಲ್ಲಿ ಅದು ಬರುವುದೇ ಇಲ್ಲ. “ಆರ್ಟಿನ ಪ್ರಾಬ್ಲಮ್” ಅಂದರೆ ಹೃದಯದ ತೊಂದರೆ, ಹಕಾರ ಬಿದ್ದಿದೆ ಅಷ್ಟೇ. ಹಕಾರ ಬೀಳುವುದೂ ನಮ್ಮೊಬ್ಬರದೇ ಅಲ್ಲ. ಇಂಗ್ಲಿಷಿನಲ್ಲಿ ‘ಅವರ್’, ‘ಆನೆಸ್ಟ್’ ಪದಗಳಲ್ಲಿ ಬರೆದ ಹಕಾರ ಇಂದಿಗೂ ಮೂಕ.

ಇಂಗ್ಲಿಷಿನ ಸರಿಯಾದ ಉಚ್ಚಾರ ಯಾವುದು ಎಂದು ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ವೈದ್ಯಕೀಯ ಪದಗಳನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಬ್ರಿಟನ್ನಿನವರು ವಿಟಮಿನ್ ಅನ್ನುತ್ತಾರೆ, ಅಮೆರಿಕದವರು ವೈಟಮಿನ್. ಬ್ರಿಟನ್ನಿನಲ್ಲಿ ಹೆಚ್ಚಾಗಿ ಮೀಗ್ರೇನ್, ಅಮೆರಿಕದಲ್ಲಿ ಮೈಗ್ರೇನ್. ನಾವು ವಿಟಮಿನ್ನನ್ನು ಅವರಿಂದ, ಮೈಗ್ರೇನನ್ನು ಇವರ ಹಾಗೆ ಹೇಳಿಕೊಂಡು ನೆಮ್ಮದಿಯಾಗಿದ್ದೇವೆ. ಬಿಬಿಸಿ 1926ರಲ್ಲಿ ಇದಕ್ಕಾಗಿಯೇ ಒಂದು ಸಲಹಾ ಸಮಿತಿ ಮಾಡಿತು, ವಾರ್ತೆ ಓದುವವರು ಯಾವ ಪದವನ್ನು ಹೇಗೆ ಹೇಳಬೇಕೆಂದು ತೀರ್ಮಾನಿಸಲು. ಮೊದಲು ಕವಿ ರಾಬರ್ಟ್ ಬ್ರಿಜಸ್, 1930ರಿಂದ ಬರ್ನಾರ್ಡ್ ಷಾ ಅದರ ಅಧ್ಯಕ್ಷರು. ಅಂಥವರು ಕೂತು ಮಾತಾಡಿದರೂ ಇಂಗ್ಲಿಷಿಗೆ ಒಂದೇ ಉಚ್ಚಾರ ಬರಲಿಲ್ಲ.

ನಮ್ಮ ತರಗತಿಯಲ್ಲಿ ಕೇರಳದ ಮಕ್ಕಳು ಸಾಕಷ್ಟು. ಅವರು ‘ಡೋಕ್ಟರ್’ ಅನ್ನುತ್ತಾರೆ, ‘ಕೋಳೇಜ್’ ಅನ್ನುತ್ತಾರೆ. ಬ್ರಿಟಿಷರ ಆ ಪದಗಳಲ್ಲಿರುವ ದುಂಡನೆಯ ಹ್ರಸ್ವ ಸ್ವರ ಕನ್ನಡದಲ್ಲೂ ಇಲ್ಲ, ಮಲಯಾಳದಲ್ಲೂ ಇಲ್ಲ. ಅದು ಆಕಾರ, ಓಕಾರಗಳ ನಡುವೆ ಎಲ್ಲೋ ನಿಲ್ಲುತ್ತದೆ. ಕನ್ನಡ ಅದನ್ನು ಆಕಾರದ ಕಡೆಗೆ ಎಳೆದುಕೊಂಡಿತು, ಮಲಯಾಳ ಓಕಾರದ ಕಡೆಗೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ದಿನ, ಎರಡೂ ಕಡೆಯ ಮಕ್ಕಳು ಒಬ್ಬರನ್ನೊಬ್ಬರು ಅಣಕಿಸುವುದು ನಿಲ್ಲುತ್ತದೆ. ಅಣಕದ ಜಾಗದಲ್ಲಿ ಕುತೂಹಲ ಬರುತ್ತದೆ, ಇದನ್ನು ಎಷ್ಟೋ ತಂಡಗಳಲ್ಲಿ ನೋಡಿದ್ದೇನೆ. ಕೊಟ್ಟಾಯಂ ಕಡೆಯ ಒಬ್ಬ ಹುಡುಗಿ ಪೋಸ್ಟಿಂಗ್‌ಗೆ ಹೋದ ಕಡೆಯೆಲ್ಲ ಕೇಳಿದ ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬರುತ್ತಿದ್ದಳು: ಗ್ಯಾಸ್ಟ್ರಿಕ್ಕು, ಇಂಜಕ್ಷನ್ನು, ಆಪ್ರೇಶನ್ನು, ಸುಗರ್ರು, ಪಿಟ್ಸು. ಪಕ್ಕದಲ್ಲಿ ಯಾವ ತಾಲ್ಲೂಕಿನವರು, ಎಷ್ಟು ವಯಸ್ಸಿನವರು ಎಂದೂ ಬರೆದಿರುತ್ತಿದ್ದಳು. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ಹರಪನಹಳ್ಳಿಯವರ ಜೊತೆ ‘ಡಾಕ್ಟ್ರು ಬರ್ತಾರ್ರಿ’, ತಮ್ಮವರ ಜೊತೆ ‘ಡೋಕ್ಟರ್’, ಪ್ರೊಫೆಸರರ ಮುಂದೆ ‘ಡಾಕ್ಟರ್’ ಎಂದು ಅವಳ ನಾಲಿಗೆ ತಾನಾಗಿಯೇ ಹೊರಳುತ್ತಿತ್ತು. ನನ್ನ ದೃಷ್ಟಿಯಲ್ಲಿ ಇಂಗ್ಲಿಷ್ ಚೆನ್ನಾಗಿ ಬಂತು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಹಾಗಾದರೆ ಹೇಗೆ ಹೇಳಿದರೂ ನಡೆಯುತ್ತದೆಯೇ? ಇಲ್ಲ. ಸಿಬ್ಬಂದಿ ಸಿಬ್ಬಂದಿಯ ಜೊತೆ ಔಷಧಿ, ಪ್ರಮಾಣದ ಬಗ್ಗೆ ಮಾತನಾಡುವಾಗ ನಾನು ಒಂದಿಷ್ಟೂ ಸಡಿಲ ಬಿಡುವುದಿಲ್ಲ. ಡೋಪಮಿನ್, ಡೋಬ್ಯುಟಮಿನ್ ಎರಡೂ ಐಸಿಯುನಲ್ಲಿ ಡ್ರಿಪ್ಪಿನ ಮೂಲಕ ಕೊಡುವ ಔಷಧಿಗಳು, ಕೆಲಸ ಬೇರೆ ಬೇರೆ. ಅವಸರದಲ್ಲಿ ನಡುವಿನ ಒಂದು ತುಣುಕು ನುಂಗಿದರೆ ಒಂದು ಇನ್ನೊಂದಾಗುತ್ತದೆ. ಅದಕ್ಕೇ ಲೇಬಲ್ಲಿನಲ್ಲಿ ಇಂಥ ಹೆಸರುಗಳ ಬೇರೆಯಾಗುವ ಅಕ್ಷರಗಳನ್ನಷ್ಟೇ ದೊಡ್ಡದಾಗಿ ಮುದ್ರಿಸುವ ಪದ್ಧತಿ ಬಂದಿದೆ.

ಇನ್ನೊಂದು ಕಂಟಕ ಫಿಫ್ಟೀನ್, ಫಿಫ್ಟಿ. ಇಂಗ್ಲಿಷಿನವರು ಇವೆರಡನ್ನು ಬೇರೆ ಮಾಡುವುದು ಬಹುಪಾಲು ಒತ್ತಿನಿಂದ, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತಾರೆ ಅನ್ನುವುದರಿಂದ. ಒಂಟಿಯಾಗಿ ಹೇಳುವಾಗ ಫಿಫ್ಟೀನ್‌ನಲ್ಲಿ ಒತ್ತು ಕೊನೆಗೆ, ಫಿಫ್ಟಿಯಲ್ಲಿ ಮೊದಲಿಗೆ. ಆದರೆ ಮುಂದೆ ಇನ್ನೊಂದು ಪದ ಬಂದಾಗ, ‘ಫಿಫ್ಟೀನ್ ಟ್ಯಾಬ್ಲೆಟ್ಸ್’ ಅನ್ನುವಾಗ, ಅವರ ಬಾಯಲ್ಲೇ ಒತ್ತು ಹಿಂದಕ್ಕೆ ಜಾರಿ ಮೊದಲಿಗೆ ಬರುತ್ತದೆ. ‘ಫಿಫ್ಟೀನ್ ಮಿಲಿಗ್ರಾಂ’ ಅನ್ನುವಾಗ ನಕಾರವೂ ಮಕಾರದೊಳಗೆ ಸೇರಿ ಹೋಗುತ್ತದೆ. ಉಳಿದದ್ದು ಬಹುತೇಕ ಫಿಫ್ಟಿಯೇ. ಕನ್ನಡದಲ್ಲಿ ಪದದ ಅರ್ಥ ಬದಲಿಸುವ ಇಂಥ ಒತ್ತು ಇಲ್ಲ, ನಮ್ಮ ಕಿವಿ ಅದನ್ನು ಹುಡುಕುವುದೂ ಇಲ್ಲ. ನಾವು ನೆಚ್ಚುವುದು ಸ್ವರದ ಉದ್ದವನ್ನು, ಆ ಅವಸರದಲ್ಲಿ ಅದೂ ಕುಗ್ಗಿರುತ್ತದೆ. ಆದ್ದರಿಂದ ಅಂಕಿಯನ್ನು ಒಡೆದೇ ಹೇಳಬೇಕು: ಫಿಫ್ಟೀನ್, ಒನ್ ಫೈವ್. ಫಿಫ್ಟಿ, ಫೈವ್ ಜೀರೋ. ಕೇಳಿದವರು ಅದನ್ನೇ ತಿರುಗಿ ಹೇಳಬೇಕು, ಹೇಳಿದವರು ಹೌದು ಅನ್ನಬೇಕು, ಅಲ್ಲಿಯವರೆಗೆ ಔಷಧಿ ಸಿರಿಂಜಿಗೆ ಬರಬಾರದು.

ಇದನ್ನು ಅಭ್ಯಾಸ ಮಾಡಿಸಲು ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತೇನೆ. ತುಟಿ ಕಾಣಬಾರದು. ಒಬ್ಬರು ದಾವಣಗೆರೆಯವರು, ಇನ್ನೊಬ್ಬರು ಆದಷ್ಟು ದೂರದವರು. ಒಬ್ಬರು ಫೋನಿನಲ್ಲಿ ಆರ್ಡರ್ ಹೇಳುವ ಹಾಗೆ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಂಡು ತಿರುಗಿ ಓದುತ್ತಾರೆ. ಫ್ಯಾನು ಆರಿಸುವುದಿಲ್ಲ, ಕಾರಿಡಾರಿನ ಬಾಗಿಲು ಮುಚ್ಚುವುದಿಲ್ಲ. ವಾರ್ಡಿಗೆ ಫೋನು ಬರುವುದು ಅಂಥ ಗದ್ದಲದಲ್ಲೇ.